ಸೀರೆಯಂತೆ ಮಡಿಚಿದ ಓಟು

ಮೊನ್ನೆ ಬೀರುವಿನ ತಳದಲ್ಲಿ ಆ ಅರ್ಧ ಸೀರೆ ಕೈಗೆ ಸಿಕ್ಕಿತು. ಮೂಗಿಗೆ ಹಿಡಿದರೆ ಪಟಾಕಿ ಮದ್ದಿನ ವಾಸನೆ. ಮಗಳು ಮೂಸಿ ನೋಡಿ, "ನುಸಿಗುಳಿಗೆ ವಾಸನೆ ಕಣಮ್ಮ" ಎಂದಳು. ಇರಬಹುದು. ಇಪ್ಪತ್ತು ವರ್ಷದ ಮೇಲಾಯಿತು, ಮದ್ದಿನ ವಾಸನೆ ಎಲ್ಲಿ ಉಳಿದೀತು... ಆದರೆ ನನ್ನ ಮೂಗಿಗೆ ಈಗಲೂ ಅದೇ ಹೊಡೆಯುತ್ತದೆ.

ಅದನ್ನು ನೇಯುತ್ತಿದ್ದವಳು ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ಅತ್ತೆ. ಸಂಬಂಧದಲ್ಲಿ ಏನೂ ಅಲ್ಲ, ಎರಡು ಮನೆಗೂ ಗೋಡೆ ಒಂದೇ ಆದ್ದರಿಂದ ಅತ್ತೆ. ಗಂಡ ತೀರಿಕೊಂಡ ಮೇಲೆ ಕಾಲು ಇಳಿಬಿಟ್ಟು ನೇಯುವ ಅವನ ಮಗ್ಗದ ಗುಣಿಗೆ ತಾನೇ ಇಳಿದು ಕೂತವಳು. ಅದೇ ಮನೆಯ ಇನ್ನೊಂದು ಮಗ್ಗದಲ್ಲಿ ಅವಳ ಮೈದುನ ನೇಯುತ್ತಿದ್ದ. ಅವಳು ಬೇಯಿಸಿ ಹಾಕಿದ್ದನ್ನು ಉಂಡು ಬೆಳೆದವನು. ಆ ವರ್ಷ ನನ್ನ ಮದುವೆ ಗೊತ್ತಾಗಿತ್ತು. ಧಾರೆ ಸೀರೆ ಅತ್ತೆಯ ಮಗ್ಗದ ಮೇಲಿತ್ತು.

ನಮ್ಮ ಬೀದಿಗೆಲ್ಲ ರೇಷ್ಮೆ ಕೊಟ್ಟು ಸೀರೆ ಕೊಳ್ಳುವವನು ಒಬ್ಬನೇ ಸಾಹುಕಾರ. ಹಾಗಾಗಿ ಬೀದಿಯ ಓಟೂ ಅವನು ಹೇಳಿದವರಿಗೇ. ಆ ಸಲ ಪಟ್ಟಣ ಪಂಚಾಯ್ತಿಗೆ ಅವನ ಮಗನೇ ನಿಂತ, ತಕ್ಕಡಿ ಗುರುತು. ಎದುರಿಗೆ ಒಬ್ಬ ಕಂಟ್ರಾಕ್ಟರ್, ಛತ್ರಿ ಗುರುತು. ನನಗದು ಮೊದಲನೇ ಓಟು. ಅತ್ತೆಯೂ ನಾನೂ ಒಟ್ಟಿಗೇ ಹೋಗಿ ತಕ್ಕಡಿಗೇ ಒತ್ತಿ ಬಂದೆವು.

ಎಣಿಕೆಯಲ್ಲಿ ಸಾಹುಕಾರನ ಮಗ ಒಂದೇ ಓಟಿನಿಂದ ಸೋತ. ಒಂದು ಓಟು ಕುಲಗೆಟ್ಟಿತ್ತು. ತಕ್ಕಡಿ ಮೇಲೂ ಮುದ್ರೆ, ಛತ್ರಿ ಮೇಲೂ ಮುದ್ರೆ. ಅದು ಸರಿಯಿದ್ದರೂ ಇಬ್ಬರೂ ಸಮ ಆಗುತ್ತಿದ್ದರೇ ಹೊರತು ಇವನೇನೂ ಗೆಲ್ಲುತ್ತಿರಲಿಲ್ಲ. ಆ ಲೆಕ್ಕ ಯಾರಿಗೆ ಬೇಕಿತ್ತು?

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಅತ್ತೆಗೆ ಅದೊಂದು ಬರುತ್ತಿರಲಿಲ್ಲ. ಮಾರನೇ ದಿನ ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಗುತ್ತಾ ಹೇಳಿಬಿಟ್ಟಳು: "ನಂದೇ ಇರ್ಬೇಕು ಕಣ್ರೇ ಅದು. ಕೈ ರೂಢಿ ಐತಲ್ಲ, ಸೀರೆ ಮಡಿಚ್ದಂಗೆ ನಾಕು ಮಡಿಕೆ ಮಾಡಿ ಅಂಗೈಲಿ ಒತ್ತಿ ಹಾಕ್ದೆ. ಮಸಿ ಆರಿರ್ಲಿಲ್ಲ, ಛತ್ರಿಗೂ ಅಂಟ್ಕಂಡಿರ್ಬೇಕು."

ಮಾತು ಗೆದ್ದವರ ಕಿವಿಗೂ ಬಿತ್ತು. ಮಧ್ಯಾಹ್ನ ಅವರ ಕಡೆಯವರು ತಮಟೆ ಬಡಿದುಕೊಂಡು ಬಂದು ಅತ್ತೆಯ ಬಾಗಿಲಲ್ಲೇ ಪಟಾಕಿ ಸರ ಹಚ್ಚಿದರು. "ನಮ್ಮಕ್ಕ ಗೆಲ್ಸಿದ್ಲು!" ಎಂದು ಕೊರಳಿಗೆ ಹಾರ ಬೇರೆ. ಅವಳು ಹಾರ ಕಿತ್ತೆಸೆದು ಒಳಗೆ ಓಡಿದಳು. ಹೊಗೆ ಮಗ್ಗದ ಕೋಣೆಯನ್ನೆಲ್ಲ ತುಂಬಿತು. ಆ ಅಯೋಗ್ಯರಿಗೆ ಅದೊಂದು ತಮಾಷೆ.

ಹೊತ್ತು ಮುಳುಗುವ ಮೊದಲೇ ಸಾಹುಕಾರನ ಕಡೆಯವರು ಬಂದರು. ಮುಂದಿದ್ದವನು ಮೈದುನ. ಇನ್ನು ಈ ಮನೆಗೆ ರೇಷ್ಮೆ ಇಲ್ಲ ಎಂದು ಅವನಿಗೆ ಹೇಳಿದ್ದರಂತೆ. ಒಬ್ಬ ಕುಡುಗೋಲಿನಿಂದ ನನ್ನ ಸೀರೆಯನ್ನು ಮಗ್ಗದ ಮೇಲೇ ಕೊಯ್ದ. ಬಿಗಿದ ಎಳೆಗಳು ಚಟಚಟನೆ ಹರಿದವು. ಇನ್ನೊಬ್ಬ ಅತ್ತೆಯ ತುರುಬು ಹಿಡಿದು ಗುಣಿಯಿಂದ ಮೇಲೆಳೆದು ತಲೆಯನ್ನು ಗೋಡೆಗೆ ಬಡಿದ. ನಾನು ಅತ್ತೆಯ ಬಾಗಿಲಲ್ಲಿದ್ದೆ. ಅಪ್ಪ ಹಿಂದಿನಿಂದ ನನ್ನ ರಟ್ಟೆ ಹಿಡಿದಿದ್ದ, ನಮ್ಮ ಮಗ್ಗದ ರೇಷ್ಮೆಯೂ ಸಾಹುಕಾರನದೇ ತಾನೇ. ಅಪ್ಪನ ಕೈ ಕಚ್ಚಿದೆ, ಬಿಡಲಿಲ್ಲ.

"ತಕ್ಕಡಿಗೇ ಒತ್ತಿದ್ದು ಕಣಪ್ಪಾ, ದೇವ್ರಾಣೆಗೂ. ಮಡಿಚೋದ್ರಲ್ಲಿ ತಪ್ಪಾತು," ಎಂದಳು ಅತ್ತೆ, ಬಾಯಿಯ ರಕ್ತ ಒರೆಸಿಕೊಳ್ಳುತ್ತಾ.

"ಯಾವ ಕೈಲಿ ಮಡಿಚ್ದೆ?" ಎಂದ ಮೈದುನ.

ಅವನು ನಂಬಿದ ಅಂದುಕೊಂಡಳೋ ಏನೋ... ತೋರಿಸಲು ಬಲಗೈ ಚಾಚಿದಳು. ಅವನು ಆ ಕೈಯನ್ನು ಹೊಸ್ತಿಲಿಗೆ ಒತ್ತಿ ಹಿಡಿದು, ನೇಯ್ದ ಸೀರೆ ಸುತ್ತಿದ್ದ ಮಗ್ಗದ ದಿಂಡನ್ನೇ ಎತ್ತಿ ಹೊಡೆದ. ಮೂಳೆ ಮುರಿದ ಮೇಲೂ ಹೊಡೆದ. ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಅವರು ಹೋದ ಮೇಲೆ ಆ ದಿಂಡಿನಿಂದ ಅರ್ಧ ಸೀರೆಯನ್ನು ಬಿಡಿಸಿಕೊಂಡವಳು ನಾನು.

ಗಡಿಯಾಚೆಯ ಆಸ್ಪತ್ರೆಯಲ್ಲಿ, ಮಗ್ಗದ ಗುಣಿಗೆ ಬಿದ್ದಳು ಎಂದು ಮೈದುನನೇ ತೆಲುಗಿನಲ್ಲಿ ಹೇಳಿದ. ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಆ ಕೈ ಮತ್ತೆ ಲಾಳಿ ಹಿಡಿಯಲಿಲ್ಲ. ನಾನು ಅಂಗಡಿ ಸೀರೆ ಉಟ್ಟು ಧಾರೆ ಎರೆಸಿಕೊಂಡು ಚಳ್ಳಕೆರೆಗೆ ಬಂದೆ. ಕೆಲವು ವರ್ಷ ಕಳೆದು ಎಮ್ಮೆಲ್ಲೆ ಚುನಾವಣೆ ಬಂದಾಗ, ಸಾಹುಕಾರನ ಮಗನೂ ಆ ಕಂಟ್ರಾಕ್ಟರನೂ ಒಂದೇ ಜೀಪಿನಲ್ಲಿ ಕೈಮುಗಿಯುತ್ತಾ ತವರಿನ ನಮ್ಮ ಬೀದಿಗೆ ಬಂದರು. ಬೀದಿ ಮತ್ತೆ ಅವರು ಹೇಳಿದವರಿಗೇ ಓಟು ಹಾಕಿತು. ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಆ ಸಲ ಮತಯಂತ್ರ ಬಂದಿತ್ತು. ನನ್ನ ಹೆಸರು ಇನ್ನೂ ತವರಿನಲ್ಲೇ ಇದ್ದುದರಿಂದ ನಾನೂ ಹೋಗಿದ್ದೆ. ಓಟು ಹಾಕಿ ಹೊರಗೆ ಬಂದ ಅತ್ತೆ ಶಾಲೆಯ ಜಗಲಿ ಮೇಲೆ ಕೂತುಬಿಟ್ಟಳು.

"ಮಡಿಚೋದೇ ಇಲ್ವಲ್ಲೇ..." ಎಂದಳು. "ಬರೀ ಒತ್ತೋದು. ಇದು ಆವತ್ತೇ ಬಂದಿದ್ರೆ..."

ಬೆರಳುಗಳ ಮಾತು ಬರುತ್ತದೆ ಎಂದು ನಾನು ತಲೆ ತಗ್ಗಿಸಿದೆ.

"ನಿನ್ ಸೀರೆ ಮುಗೀತಿತ್ತು," ಎಂದಳು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಅಷ್ಟು ಜನರಲ್ಲಿ ನನಗಾಗಿ ದುಃಖಪಟ್ಟವಳು ಅವಳೊಬ್ಬಳೇ, ಅದೂ ಆ ಕೈ ಇಟ್ಟುಕೊಂಡು. ಮೊನ್ನೆ ಆ ಅರ್ಧ ಸೀರೆಯನ್ನು ಅವಳ ಹಾಗೆ ನಾಲ್ಕು ಮಡಿಕೆ ಮಾಡಲು ನೋಡಿದೆ. ಕೊಯ್ದ ತುದಿಯಲ್ಲಿ ಎಳೆ ಬಿಡುತ್ತಲೇ ಇತ್ತು, ಮಡಿಕೆ ನಿಲ್ಲಲಿಲ್ಲ. ಹಾಗೇ ಸುತ್ತಿ ಒಳಗಿಟ್ಟೆ.