ಬಾಗಿಲಲ್ಲಿ ಕೆಮ್ಮುವವರು ಗೊರಿಲ್ಲಾ ನೋಡಲು ಹೊರಟದ್ದು

ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಅಂತ ನಮ್ಮ ಅತ್ತೆ ಕಲಿಸಿದ್ದರು. ಬರೆಯಬಾರದು ಅಂತ ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತೇನೆ: ಇವರ ಹೆಸರು ದಿಗಂಬರ. ಬೈಲಹೊಂಗಲದವರು. ಪುಣೆಗೆ ಬಂದು ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದರು. ಒಂದು ದಿನ ತಡವಾಗಿ ಹೋಗಲಿಲ್ಲ, ಒಂದು ದಿನ ಒಳಗಿನ ಸುದ್ದಿ ಹೊರಗೆ ತರಲಿಲ್ಲ. ಅಲ್ಲಿ ಏನು ತಯಾರಾಗುತ್ತದೆ ಅಂತ ನಾನು ಯಾವಾಗ ಕೇಳಿದರೂ "ಸಾಮಾನು" ಅನ್ನುತ್ತಿದ್ದರು. ಕಾರ್ಖಾನೆಯ ಒಳಗೆ ಕಡ್ಡಿಪೆಟ್ಟಿಗೆ ಒಯ್ಯುವ ಹಾಗಿರಲಿಲ್ಲ. ಇವರು ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ, ಆದರೂ ಯಾರೂ ಕೇಳದಿದ್ದರೂ ದಿನಾ ಗೇಟಿನಲ್ಲಿ ನಿಂತು ಎರಡೂ ಕಿಸೆ ಹೊರಗೆಳೆದು ತೋರಿಸಿ ಹೋಗುತ್ತಿದ್ದರು. ನಿಯಮ ಅಂದರೆ ಇವರಿಗೆ ಅಷ್ಟು ಭಕ್ತಿ.

ಇಂಥ ಮನುಷ್ಯ ಅರವತ್ತೆಂಟನೆಯ ವಯಸ್ಸಿನಲ್ಲಿ ಗೊರಿಲ್ಲಾ ನೋಡಲು ಆಫ್ರಿಕಾಕ್ಕೆ ಹೊರಟರು.

ಹೋದ ವರ್ಷ ತರಕಾರಿ ಮಂಡಿಯಲ್ಲಿ ಕಾಲು ಜಾರಿ ಬಿದ್ದು ಮೂರು ವಾರ ಪ್ಲಾಸ್ಟರಿನಲ್ಲಿದ್ದರು. ಮಾಡಲು ಕೆಲಸವಿಲ್ಲ, ಟಿ.ವಿ. ನೋಡಿದ್ದೇ ನೋಡಿದ್ದು. ಒಂದು ಮಧ್ಯಾಹ್ನ ಮಲಗಿದ್ದ ನನ್ನನ್ನು ಕೂಗಿ ಎಬ್ಬಿಸಿದರು.

"ಲಗೂನ ಬಾ ಇಲ್ಲೆ. ಇದು ಥೇಟ್ ನಮ್ಮಪ್ಪನ್ಹಂಗ ಕೂತದ ನೋಡು."

ಬೆನ್ನು ಬೆಳ್ಳಗಾದ ಮುದಿ ಗಂಡು ಗೊರಿಲ್ಲಾ ಒಂದು, ಎಲೆ ಮೆಲ್ಲುತ್ತ ಕೂತಿತ್ತು. ಮೂರು ಮರಿಗಳು ಅದರ ಮೈಮೇಲೆ ಹತ್ತಿ ಇಳಿಯುತ್ತಿದ್ದವು. ಒಂದು ಮರಿಯಂತೂ ಕಿವಿಯನ್ನೇ ಜಗ್ಗುತ್ತಿತ್ತು. ಅದಕ್ಕೆ ಯಾವುದರ ಪರಿವೆಯೂ ಇಲ್ಲ. ಮಾವನವರ ಬಗ್ಗೆ ಹೀಗೆ ಬರೆಯುವುದು ತಪ್ಪು. ಆದರೆ ಆ ಭುಜ, ಆ ಹೊಟ್ಟೆ, ಬೈಲಹೊಂಗಲದ ಕಟ್ಟೆಯ ಮೇಲೆ ಮೊಮ್ಮಕ್ಕಳನ್ನು ಹೊತ್ತುಕೊಂಡು ಕೂತಾಗಿನ ಆ ಗಾಂಭೀರ್ಯ, ಎಲ್ಲ ಅವರದೇ. ನಾನು ಸೆರಗು ಸರಿಮಾಡಿಕೊಂಡೆ.

ಪ್ಲಾಸ್ಟರ್ ತೆಗೆದ ದಿನ ಇವರು, "ಅದನ್ನ ಒಮ್ಮೆ ಎದುರಿಗೆ ನೋಡ್ಬೇಕು ಶಾಮಲಾ" ಅಂದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅಷ್ಟು ದೂರ ಹೋಗಿ ಮಂಗ್ಯಾನ ನೋಡೂದು ಏನದ, ಇಲ್ಲಿರುವ ಮಂಗ್ಯಾಗಳು ಸಾಲವೇನು ಅಂದೆ. ಆದರೆ ನಂತರ ಯೋಚಿಸಿದೆ. ಮದುವೆಯಾದ ನಲವತ್ತು ವರ್ಷದಲ್ಲಿ ಇವರು ತಮಗಾಗಿ ಬೇಕು ಅಂದ ಮೊದಲ ವಸ್ತು ಗೊರಿಲ್ಲಾ. ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ. ನನ್ನ ಮೊಣಕಾಲು ಕಾಡು ಹತ್ತುವಂಥವಲ್ಲ, ಆದ್ದರಿಂದ ಒಬ್ಬರೇ ಹೋಗಲಿ ಅಂತ ತೀರ್ಮಾನವಾಯಿತು.

ಇಲ್ಲಿ ಇವರ ಕೆಮ್ಮಿನ ಕಥೆ ಹೇಳಲೇಬೇಕು.

ಬೈಲಹೊಂಗಲದ ಮನೆಯಲ್ಲಿ ನಾವು ನಾಲ್ಕು ಜನ ಸೊಸೆಯಂದಿರು. ಮಾವನವರು ಹೊರಗಿನಿಂದ ಬಂದರೆ ತಲಬಾಗಿಲಲ್ಲೇ ನಿಂತು "ಹ್ಹೂಂ, ಹ್ಹೂಂ" ಅನ್ನುತ್ತಿದ್ದರು. ಒಂದು ಗಿಡ್ಡ, ಒಂದು ಉದ್ದ. ಬಾಯಿ ಮುಚ್ಚಿಕೊಂಡೇ, ಗಂಟಲಿನ ತಳದಿಂದ. ಅಷ್ಟರಲ್ಲಿ ನಾವು ಸೆರಗು ಹೊದ್ದು, ಚಾಚಿದ ಕಾಲು ಮಡಚಿ, ಅವರನ್ನೇ ಕುರಿತು ಆಡುತ್ತಿದ್ದ ಮಾತನ್ನು ನುಂಗಿ ಸಜ್ಜಾಗುತ್ತಿದ್ದೆವು. "ಹೆಣ್ಮಕ್ಕಳಿರೂ ಮನಿ. ಸಪ್ಪಳ ಮಾಡದ ಒಳಗ ಹೋಗಬಾರದು" ಅಂತ ಗಂಡುಮಕ್ಕಳಿಗೂ ಕಲಿಸಿದ್ದರು.

ಇವರು ಕಲಿತದ್ದು ಸ್ವಲ್ಪ ಹೆಚ್ಚೇ ಆಯಿತು. ಪುಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ತಲಬಾಗಿಲೂ ಇಲ್ಲ, ಪಡಸಾಲೆಯೂ ಇಲ್ಲ. ಆದರೆ ಇವರು ಬಾಗಿಲು ಕಂಡಲ್ಲೆಲ್ಲ "ಹ್ಹೂಂ, ಹ್ಹೂಂ" ಅನ್ನುತ್ತಾರೆ. ಅಡುಗೆಮನೆಗೆ ಬರುವಾಗ, ಬ್ಯಾಂಕಿಗೆ ಹೋಗುವಾಗ, ಲಿಫ್ಟ್ ಹತ್ತುವಾಗ. ಫ್ರಿಜ್ ತೆಗೆಯುವ ಮೊದಲೂ ಅನ್ನುತ್ತಾರೆ, ಒಳಗಿರುವ ಶ್ರೀಖಂಡ ಸೆರಗು ಸರಿಮಾಡಿಕೊಳ್ಳಲಿ ಅಂತ ಇರಬೇಕು. ಎಷ್ಟು ಬೈದಿದ್ದೇನೆ ನಾನು! ಮಗ ಪ್ರಣವನ ಮದುವೆಯಾದ ವಾರಕ್ಕೇ ಮರಾಠಿ ಮನೆಯಿಂದ ಬಂದ ಸೊಸೆ ಸುರಭಿ ನನ್ನನ್ನು ಪಕ್ಕಕ್ಕೆ ಕರೆದು, ಬಾಬಾ ಅವರ ಎದೆಯ ಎಕ್ಸ್‌ರೇ ಯಾವಾಗಲಾದರೂ ತೆಗೆಸಿದ್ದೀರಾ ಅಂತ ಬಹಳ ಕಾಳಜಿಯಿಂದ ಕೇಳಿದಳು.

ಪ್ರವಾಸ ಏರ್ಪಡಿಸುವವಳು ಕೋಥರೂಡಿನ ನೀಲಿಮಾ ಎಂಬ ಹೆಂಗಸು. ಎಂಟು ಜನರನ್ನು ಯುಗಾಂಡಾಕ್ಕೆ ಕರೆದೊಯ್ಯುವವಳಿದ್ದಳು. ಅವಳು ಕೊಟ್ಟ ನಿಯಮಗಳ ಕಾಗದವನ್ನು ಇವರು ಕನ್ನಡಕ ಹಾಕಿ, ಪೆನ್ಸಿಲ್ ಹಿಡಿದು, ಕೂತು ಓದಿದರು. ಹಳದಿ ಜ್ವರದ ಲಸಿಕೆ, ಸೈ. ಉದ್ದ ತೋಳಿನ ಅಂಗಿ, ಸೈ. ಗೊರಿಲ್ಲಾದಿಂದ ಹತ್ತು ಮೀಟರು ದೂರ, ಸೈ. ಆಮೇಲೆ ಪೆನ್ಸಿಲ್ ನಿಂತುಬಿಟ್ಟಿತು.

ನಮ್ಮ ನೆಗಡಿ ಗೊರಿಲ್ಲಾಗಳಿಗೆ ತಗುಲಿದರೆ ಅವುಗಳ ಜೀವಕ್ಕೇ ಕುತ್ತಂತೆ. ಆದ್ದರಿಂದ ಕೆಮ್ಮುವವರನ್ನು ಕಾಡಿನ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಯಾರ ಮುಲಾಜೂ ಇಲ್ಲ.

ಡಾಕ್ಟರು ಗಂಟಲು ನೋಡಿ, ಎದೆ ನೋಡಿ, ಏನೂ ಇಲ್ಲ, ಇದು ರೋಗವಲ್ಲ, ಬರೀ ರೂಢಿ ಅಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಬಿಡಲಿಲ್ಲ. "ಗೇಟಿನ್ಯಾಗ ನಿಂತವ್ರಿಗೆ ರೂಢಿ ಯಾವ್ದು ರೋಗ ಯಾವ್ದು ಹ್ಯಾಂಗ ತಿಳೀತದ? ನಿಯಮ ಅಂದ್ರ ನಿಯಮ" ಅಂದರು. ಅವತ್ತಿನಿಂದ ಅರವತ್ತು ವರ್ಷದ ರೂಢಿಯನ್ನು ಬಿಡುವ ವ್ರತ ಶುರುವಾಯಿತು. ಬಾಯಲ್ಲಿ ಜ್ಯೇಷ್ಠಮಧುವಿನ ತುಂಡು, ಮನಸ್ಸಿನಲ್ಲಿ ಗೊರಿಲ್ಲಾ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಏನು ಹೇಳಲಿ. ಮೊದಲ ದಿನವೇ ನಾನು ಹಾಲಿನ ಪಾತ್ರೆ ಇಳಿಸಿ ತಿರುಗುತ್ತೇನೆ, ಇವರು ಬೆನ್ನ ಹಿಂದೆಯೇ ನಿಂತಿದ್ದಾರೆ! ಹಾಲು ನೆಲಕ್ಕೆ. ರೊಟ್ಟಿ ಮಾಡಲು ಬರುವ ಕಲ್ಲವ್ವ ಹಾಡು ಗುನುಗುತ್ತ ರೊಟ್ಟಿ ಬಡಿಯುತ್ತಿದ್ದವಳು ಕಿಟಾರನೆ ಕಿರುಚಿದಳು. "ಯವ್ವಾ! ಏನ್ರೀ ಸಾಹೇಬ್ರ, ಬೆಕ್ಕಿನ್ಹಂಗ ಬರ್ತೀರಲ್ಲ! ಎದಿ ಒಡದು ಸತ್ತಿದ್ರ ಏನ್ ಮಾಡ್ತಿದ್ರಿ?" ಸುರಭಿ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ತನ್ನ ತಾಯಿಯ ಹತ್ತಿರ ನನ್ನ ಬಗ್ಗೆ ಏನೋ ಹೇಳುತ್ತಿದ್ದಾಗ ಇವರು ಎದುರಿಗೇ ಪ್ರತ್ಯಕ್ಷರಾದರು. ಏನು ಹೇಳುತ್ತಿದ್ದಳು ಅಂತ ನಾನು ಇವರನ್ನು ಎಷ್ಟು ಕೇಳಿದರೂ "ಸಾಮಾನು" ಅಂದರು.

ಎಂಟು ದಿನದಲ್ಲಿ ಮನೆಯ ಹೆಂಗಸರೆಲ್ಲ ಗೋಡೆಗೆ ಬೆನ್ನು ಹಚ್ಚಿ ಓಡಾಡುವಂತಾಯಿತು. ಅದೇ ಸುರಭಿ ನನ್ನ ಹತ್ತಿರ ಬಂದು, "ಆಯಿ, ಬಾಬಾ ಮೊದಲಿನ ಹಾಗೆ ಯಾವಾಗ ಕೆಮ್ಮುತ್ತಾರೆ?" ಅಂತ ಕೇಳಿದಳು. ಎಕ್ಸ್‌ರೇ ತೆಗೆಸಲು ಹೇಳಿದವಳು!

ಎರಡು ತಿಂಗಳ ಹೊತ್ತಿಗೆ ಮನೆಯಲ್ಲಿ ಕೆಮ್ಮು ಪೂರ್ತಿ ನಿಂತಿತು. ಅಷ್ಟರಲ್ಲಿ ನೀಲಿಮಾ ಪರೀಕ್ಷೆಗೆ ಅಂತ ಎಂಟೂ ಜನರನ್ನು ಭೋರ್ ಹತ್ತಿರದ ರೋಹಿಡಾ ಕೋಟೆಗೆ ಕರೆದೊಯ್ದಳು. ಮಾಸ್ಕ್ ಹಾಕಬೇಕು, ಮಾತಾಡಬಾರದು, ಕೆಮ್ಮಬಾರದು, ಎಲ್ಲ ಅಲ್ಲಿಯ ಕಾಡಿನ ಹಾಗೆಯೇ. ನಾನೂ ಬಸ್ಸಿನಲ್ಲಿ ಹೋಗಿ ಬುಡದ ಚಹಾದಂಗಡಿಯಲ್ಲಿ ಕೂತೆ.

ಇವರು ಎಲ್ಲರಿಗಿಂತ ಮುಂದೆ, ಮಾತಿಲ್ಲದೆ, ಚೊಕ್ಕಾಗಿ ಹತ್ತಿದರಂತೆ. ನೀಲಿಮಾ ಖುಷಿಯಾಗಿದ್ದಳಂತೆ. ಆದರೆ ಅದು ಕೋಟೆ. ಕೋಟೆಗೆ ಬಾಗಿಲಿರುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಕಲ್ಲಿನ ಕಮಾನು ಕಂಡಿತೋ ಇಲ್ಲವೋ, ಎರಡು ತಿಂಗಳು ಅದುಮಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು: "ಹ್ಹೂಂ, ಹ್ಹೂಂ!" ರೋಹಿಡಾಕ್ಕೆ ಒಂದರ ಹಿಂದೆ ಒಂದು ಮೂರು ಬಾಗಿಲು. ಇವರು ಮೂರಕ್ಕೂ ಮರ್ಯಾದೆ ಸಲ್ಲಿಸಿದರು.

"ಕಾಕಾ, ಖೋಕಲಾ ಆಹೇ ಕಾ?" ಕೆಮ್ಮು ಇದೆಯೇನು ಅಂತ ನೀಲಿಮಾ ಕೇಳಿದಳಂತೆ. ಸುಳ್ಳು ಹೇಳಿ ಗೊತ್ತಿಲ್ಲದ ಇವರು ತಲೆ ತಗ್ಗಿಸಿ, ಇದೆ ಅಂದರಂತೆ.

ಇಳಿಯುವಾಗ ಬಹಳ ನೊಂದಿದ್ದರು. ಎಷ್ಟು ಜಾಗ್ರತೆಯಿಂದ ಬಂದರು ಅಂದರೆ ಹೆಜ್ಜೆಯ ಸಪ್ಪಳವೂ ಇಲ್ಲ. ಚಹಾದಂಗಡಿಯ ಗೋಡೆಯ ಆಚೆ ಒಂದು ಹೆಣ್ಣು ಮುಸ್ಯಾ ಮಂಗ ತನ್ನ ಮರಿಯನ್ನು ಎದೆಗವಚಿಕೊಂಡು ಹೇನು ಹೆಕ್ಕುತ್ತ ಕೂತಿತ್ತು. ಅದರ ಕರೀ ಮುಖ, ಉದ್ದ ಬಾಲ ನೋಡುತ್ತ ನಾನು ಹೊತ್ತು ಕಳೆಯುತ್ತಿದ್ದೆ. ಇವರು ತಿರುವಿನಲ್ಲಿ ದೆವ್ವದ ಹಾಗೆ ಬಂದು ಅದರ ಮಗ್ಗುಲಲ್ಲೇ ನಿಂತರು. ಅದು ಬೆಚ್ಚಿಬಿದ್ದು ಚೀರಿ, ಇವರ ಕೆನ್ನೆಗೊಂದು ಬಾರಿಸಿ, ತಲೆಯ ಟೊಪ್ಪಿಗೆ ಕಿತ್ತುಕೊಂಡು ಬೇವಿನ ಮರ ಹತ್ತಿತು. ನಾನು ನಗಬಾರದಿತ್ತು. ನಕ್ಕೆ.

ಬಸ್ಸಿನಲ್ಲಿ ನೀಲಿಮಾ ಮೆತ್ತಗೆ ಹೇಳಿದಳು. ಮುಂದಿನ ಭಾನುವಾರ ಹೆಸರುಗಳು ಯುಗಾಂಡಾಕ್ಕೆ ಹೋಗುತ್ತವೆ, ಆಮೇಲೆ ಬದಲಾಯಿಸಲು ಬರುವುದಿಲ್ಲ, ಕಾಕಾ ಯೋಚನೆ ಮಾಡಲಿ.

ಮನೆಗೆ ಬಂದವರೇ ಇವರು ಕಾರ್ಖಾನೆಯ ಪದ್ಧತಿಯಂತೆ ಅರ್ಜಿ ಬರೆದರು. ವಿಷಯ: ಗಂಟಲಿನ ಕಾರಣದಿಂದ ಪ್ರವಾಸದಿಂದ ಹೆಸರು ಹಿಂತೆಗೆದುಕೊಳ್ಳುವ ಬಗ್ಗೆ. ಪ್ರಣವ ತಡೆಯಲು ನೋಡಿದ. "ಅಪ್ಪಾ, ಕಾಡಿಗೆ ಬಾಗಿಲು ಎಲ್ಲದ? ಅಲ್ಲಿ ಕೆಮ್ಮು ಬರೂದೇ ಇಲ್ಲ."

"ಬಾಗಲಾ ಇಲ್ದಿದ್ರೂ ಅದು ಅದರ ಮನೀನೋ. ನಮ್ಮಪ್ಪನ್ಹಂಗ ಕೂತದ ಅದು. ಅದರ ಮುಂದ ಸುಮ್ನ ಕಳ್ಳನ್ಹಂಗ ಹ್ಯಾಂಗ ಹೋಗ್ಲಿ? ಬಂದೇ ಬರ್ತದ ನನಗ. ನನಗ ಗೊತ್ತದ."

ಬೇಕು ಅಂದದ್ದು ಒಂದೇ ಒಂದು, ಅದೂ ಕೈತಪ್ಪಿತಲ್ಲ ಅಂತ ನನಗೆ ಅನ್ನಿಸಿತು. ಅಲ್ಲದೆ ಮುಸ್ಯಾ ಹೊಡೆದಾಗ ನಕ್ಕದ್ದು ನೆನಪಾಗಿ ನಾಚಿಕೆಯೂ ಆಯಿತು.

ಭಾನುವಾರ ಬೆಳಿಗ್ಗೆ ನೀಲಿಮಾಳ ಮನೆಯಲ್ಲಿ ಕೊನೆಯ ಸಭೆ. ಅರ್ಜಿ ಕೊಡಲು ಇವರು, ಇವರ ಜೊತೆಗೆ ನಾನು. ಬಾಗಿಲಲ್ಲಿ ಇವರು ಕೆಮ್ಮಲಿಲ್ಲ. ತುಟಿ ಬಿಗಿದುಕೊಂಡು ಒಳಗೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಟಿ.ವಿ. ಪರದೆಯ ಮೇಲೆ, ವಿಡಿಯೋ ಕರೆಯಲ್ಲಿ, ಯುಗಾಂಡಾದ ಅರಣ್ಯದ ಮಾರ್ಗದರ್ಶಿ ಕಾಣಿಸಿಕೊಂಡ. ಹಸಿರು ಸಮವಸ್ತ್ರ, ಬಾಯ್ತುಂಬ ನಗು, ಬಿಡಿಸಿ ಬಿಡಿಸಿ ಆಡುವ ಇಂಗ್ಲಿಷು. ಅರ್ಜಿ ಕಿಸೆಯಲ್ಲೇ ಉಳಿಯಿತು.

ನೀಲಿಮಾ ಮುಸ್ಯಾನ ಕಥೆ ಹೇಳಿ, ಗೊರಿಲ್ಲಾಗಳೂ ಹೀಗೆ ಬೆಚ್ಚಿದರೆ ಏನು ಗತಿ ಅಂತ ಕೇಳಿದಳು.

ಅವನು ಜೋರಾಗಿ ನಕ್ಕ. "ಸದ್ದಿಲ್ಲದೆ ಹೋದರೆ ಯಾರಾದರೂ ಬೆಚ್ಚುತ್ತಾರೆ. ನಾವು ಹಾಗೆ ಹೋಗುವುದಿಲ್ಲ. ಅವುಗಳ ಹತ್ತಿರ ಹೋಗುವ ಮೊದಲು, ನಾವು ಬಂದಿದ್ದೇವೆ, ಹೆದರಬೇಡಿ ಅಂತ ಹೇಳುತ್ತೇವೆ. ಅವುಗಳ ಭಾಷೆಯಲ್ಲೇ ಹೇಳಬೇಕು. ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಕೇಳಿ."

ಅವನು ಬಾಯಿ ಮುಚ್ಚಿಕೊಂಡು, ಗಂಟಲಿನ ತಳದಿಂದ, ಒಂದು ಗಿಡ್ಡ, ಒಂದು ಉದ್ದ ಅಂದ:

"ಹ್ಹೂಂ, ಹ್ಹೂಂ."

ನಾನು ಇವರ ಮುಖ ನೋಡಿದೆ. ಇವರು ಪರದೆಯನ್ನೇ ನೋಡುತ್ತಿದ್ದರು.

ಎಲ್ಲರೂ ಮಾಡಿ ನೋಡಿದರು. ನೀಲಿಮಾಳದು ಕುಕ್ಕರಿನ ಸೀಟಿಯ ಹಾಗೆ ಬಂತು. ಬೇರೆ ಯಾರದೋ ಎಮ್ಮೆಯ ಹಾಗೆ. ಅವನು ಎಲ್ಲಕ್ಕೂ ತಲೆಯಾಡಿಸಿದ. ನಾನು ಮೊಣಕೈಯಿಂದ ಇವರನ್ನು ತಿವಿದೆ.

"ಮಾಡ್ರಿ."

"ಅದು ಕೆಮ್ಮಲ್ಲೇನು?"

"ಅವನ್ನೇ ಕೇಳ್ರಿ."

ಇವರು ಎದ್ದು ನಿಂತು, ತಮ್ಮ ಕಾರ್ಖಾನೆಯ ಇಂಗ್ಲಿಷಿನಲ್ಲಿ ಕೇಳಿದರು. ಅವನು ಸ್ಪಷ್ಟವಾಗಿ ಹೇಳಿದ. ಕೆಮ್ಮು ಎದೆಯಿಂದ ಬಾಯಿ ತೆರೆದು ಬರುತ್ತದೆ, ಅದು ರೋಗ, ಅದಕ್ಕೆ ಗೇಟಿನಿಂದಲೇ ವಾಪಸ್. ಇದು ಬಾಯಿ ಮುಚ್ಚಿ ಮಾಡುವ ನಮಸ್ಕಾರ. ಒಂದು ಮಾತು, ಗೇಟಿನಲ್ಲಿ ಮಾತ್ರ ಬೇಡ, ಅಲ್ಲಿಯ ಸಿಬ್ಬಂದಿಗೆ ಸಂಶಯ ಬರುತ್ತದೆ.

ಗೇಟಿನಲ್ಲಿ ನಿಯಮ ಪಾಲಿಸುವುದು ಇವರಿಗೆ ಹೊಸದಲ್ಲ. ಇವರು ಅಂಗಿ ಜಗ್ಗಿ ಸರಿಮಾಡಿಕೊಂಡು, ಮಾವನವರು ತಲಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತು, ಅಂದರು:

"ಹ್ಹೂಂ, ಹ್ಹೂಂ."

ಪರದೆಯ ಮೇಲಿನವನ ನಗು ನಿಂತಿತು. ಕುರ್ಚಿಯಲ್ಲಿ ಸೆಟೆದು ಕೂತ. ತನಗೆ ಗೊತ್ತಿಲ್ಲದ ಹಾಗೆ ಅವನೂ ತಿರುಗಿ "ಹ್ಹೂಂ, ಹ್ಹೂಂ" ಅಂದ. ಆಮೇಲೆ, ಇಷ್ಟು ಚೆನ್ನಾಗಿ ನಿಮಗೆ ಯಾರು ಕಲಿಸಿದರು ಅಂತ ಕೇಳಿದ.

"ನಮ್ಮ ತಂದೆ" ಅಂದರು ಇವರು.

ಅವನು ಏನು ತಿಳಿದುಕೊಂಡನೋ, ಬಹಳ ಗೌರವದಿಂದ ತಲೆ ಬಾಗಿಸಿದ. ನೀಲಿಮಾ ಎಂಟೂ ಹೆಸರನ್ನು ಅಲ್ಲೇ ಕಳಿಸಿದಳು. ಅರ್ಜಿಯನ್ನು ನಾನು ಇವರ ಕಿಸೆಯಿಂದ ತೆಗೆದು, ರಿಕ್ಷಾದಲ್ಲಿ ಬರುವಾಗ ಚೂರು ಚೂರು ಮಾಡಿ ನನ್ನ ಚೀಲದಲ್ಲಿಟ್ಟುಕೊಂಡೆ. ಬೀದಿಯಲ್ಲಿ ಬಿಸಾಡಲು ಇವರು ಬಿಡಲಿಲ್ಲ, ನಿಯಮವಂತೆ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತಿದ್ದೆ, ರೂಢಿಯಾದ ಹಾಗೆ ಬೆನ್ನನ್ನು ಗೋಡೆಗೆ ಸ್ವಲ್ಪ ಹಚ್ಚಿಕೊಂಡೇ. ಬಾಗಿಲ ಹೊರಗೆ ಹೆಜ್ಜೆ ನಿಂತಿತು.

"ಹ್ಹೂಂ, ಹ್ಹೂಂ."

ನಲವತ್ತು ವರ್ಷ ಇದನ್ನು ಬೈದವಳು ನಾನು. ಎರಡು ತಿಂಗಳಿಂದ ಈ ಮನೆಯಲ್ಲಿ ಯಾರೂ ನನ್ನನ್ನು ಕೇಳಿ ಒಳಗೆ ಬಂದಿರಲಿಲ್ಲ ಎಂಬುದು ಆಗ ತಿಳಿಯಿತು.

"ಬರ್ರಿ" ಅಂದೆ. "ಚಹಾ ಆಗೇದ."