ಬೀಗದ ಕೈ ಕೊಡಬಹುದಾದ ಮುಖ

ನನ್ನ ಗೆಳೆಯನನ್ನು ಬೀದಿಯವರೆಲ್ಲ ಗದ್ದದ ಮಾವ ಎನ್ನುತ್ತಿದ್ದರು. ಸ್ಟುಡಿಯೋದ ಸ್ಟೂಲಿನ ಮೇಲೆ ಯಾರೇ ಕೂತರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು "ಗದ್ದ ಸ್ವಲ್ಪ ಕೆಳಗೆ". ಮದುಮಗಳಿಗೂ ಅದೇ, ಜಡ್ಜಿಗೂ ಅದೇ. ಹೋದ ತಿಂಗಳು ಊಟ ಮುಗಿಸಿ ಕೈ ತೊಳೆಯಲು ಎದ್ದವನು ಅಲ್ಲೇ ಕುಸಿದ. ಆಸ್ಪತ್ರೆಯವರೆಗೂ ಜೀವ ಉಳಿಯಲಿಲ್ಲ. ಅವನ ಬಗ್ಗೆ ದೊಡ್ಡ ಮಾತು ಬರೆದರೆ ಅವನೇ ನಗುತ್ತಿದ್ದ. ಹಾಗಾಗಿ ಅವನು ಮಾಡುತ್ತಿದ್ದ ಒಂದು ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ.

ಅವನ ಸ್ಟುಡಿಯೋ ಉದ್ದನೆಯ, ಇಕ್ಕಟ್ಟಾದ ಕೋಣೆ. ಹಿಂದೆ ಸೈಕಲ್ ರಿಪೇರಿ ಅಂಗಡಿಯಾಗಿತ್ತು. ಸೆಕೆ ಹೆಚ್ಚಾದರೆ ಗೋಡೆಯಿಂದ ಇನ್ನೂ ಗ್ರೀಸಿನ ವಾಸನೆ ಬರುತ್ತಿತ್ತು. ಕನ್ನಡಿಯ ಪಕ್ಕ ದಾರಕ್ಕೆ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ಮೊಳೆಗೆ ತೂಗುಹಾಕಿದ ಒಂದೇ ಒಂದು ಕಪ್ಪು ಕೋಟು. ಸಣಕಲನಿಗೂ ಅದೇ, ಡೊಳ್ಳು ಹೊಟ್ಟೆಯವನಿಗೂ ಅದೇ. ಸಡಿಲವಾದರೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು. ಬಿಗಿಯಾದರೆ "ಉಸಿರು ಬಿಡಬೇಡಿ".

ಬದುಕಿನ ಬಹುಪಾಲು ಅವನು ತೆಗೆದದ್ದು ಪಾಸ್‌ಪೋರ್ಟ್ ಫೋಟೋ. ಕೆಲಸ ಕೊಡುವವರೂ ಹುಡುಕುವವರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜಾಲತಾಣಕ್ಕೆ ಫೋಟೋ ಬೇಕೆಂದು ಜನ ಬರತೊಡಗಿದಾಗ, ಅವರನ್ನೂ ಬಿಳಿ ಗೋಡೆಗೆ ಒರಗಿಸಿ, ಎರಡೂ ಕಿವಿ ಕಾಣುವಂತೆ, ಬಾಯಿ ಮುಚ್ಚಿಸಿ ತೆಗೆದ. ಒಬ್ಬ ಎಂಜಿನಿಯರ್ ವಾರದೊಳಗೆ ವಾಪಸ್ ಬಂದ.

"ಮಾವ, ಫ್ರೆಂಡ್ಸೆಲ್ಲ ಫೋನ್ ಮಾಡಿ, ಯಾವ ಸ್ಟೇಷನ್‌ನಲ್ಲಿ ಇಟ್ಟಿದ್ದಾರೆ, ಜಾಮೀನು ಬೇಕಾ ಅಂತ ಕೇಳ್ತಿದ್ದಾರೆ."

ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುತ್ತಿದ್ದ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಮ್ಮ ಮದುವೆ ಫೋಟೋದಲ್ಲೂ ಇವರು ಹಾಗೇ ಇದ್ದಾರೆ. ನಾನೇ ಹಿಡ್ಕೊಂಡು ಬಂದ ಹಾಗೆ."

ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ದಿನ ರೇಗಲಿಲ್ಲ, ಯೋಚನೆಗೆ ಬಿದ್ದ. ಆಮೇಲೆ ಬಂದವರನ್ನೆಲ್ಲ ಮೊದಲು ಅವರ ಕೆಲಸದ ಬಗ್ಗೆ ಮಾತಿಗೆಳೆದು, ಮಾತಿನ ನಡುವೆ ಫೋಟೋ ತೆಗೆಯತೊಡಗಿದ. ಯಾವುದು ಚೆನ್ನಾಗಿದೆ ಎಂದು ತಾನೂ ಆರಿಸುತ್ತಿರಲಿಲ್ಲ, ಗಿರಾಕಿಗೂ ಬಿಡುತ್ತಿರಲಿಲ್ಲ. "ಕನ್ನಡಿಲಿ ಎಡಬಲ ಅದಲುಬದಲಾದ ಮುಖ ನೋಡಿ ಅಭ್ಯಾಸ ಆಗಿರೋರು ಕಣೋ ಇವರೆಲ್ಲ. ತಮ್ಮ ಮುಖ ಅವರಿಗೇನು ಗೊತ್ತು?" ಎನ್ನುತ್ತಿದ್ದ. ಆ ತಾಣದಲ್ಲಿ ಮುಖ ಕಾಣುವುದು ಅಂಗಿಯ ಗುಂಡಿಯಷ್ಟೇ. ಅಷ್ಟು ಚಿಕ್ಕದಾಗಿಸಿ, ಗಿರಾಕಿಯನ್ನು ಕೇಳಿ, ಫೋನ್ ಹಿಡಿದು ಬೀದಿ ದಾಟುತ್ತಿದ್ದ. ಎದುರಿಗೆ ದರ್ಜಿ, ಪಕ್ಕದಲ್ಲಿ ಔಷಧಿ ಅಂಗಡಿಯಾಕೆ. ಇಬ್ಬರಿಗೂ ಒಂದೇ ಪ್ರಶ್ನೆ: "ಇವರಿಗೆ ನಿಮ್ಮ ಮನೆ ಬೀಗದ ಕೈ ಕೊಡ್ತೀರಾ?"

ಒಬ್ಬ ವಕೀಲರ ಫೋಟೋ ನೋಡಿ ದರ್ಜಿ, "ಕೊಡ್ತೀನಿ ಮಾವ, ಬೀಗ ಬದಲಾಯಿಸಿದ ಮೇಲೆ" ಎಂದಿದ್ದ. ವಕೀಲರು ಮತ್ತೆ ಸ್ಟೂಲಿನ ಮೇಲೆ ಕೂರಬೇಕಾಯಿತು. ಈ ಹಟಕ್ಕೆ ಬೇಸತ್ತು ಎದ್ದುಹೋದ ಗಿರಾಕಿಗಳೂ ಉಂಟು.

ಒಂದು ಶುಕ್ರವಾರ ನಾನು ಅಲ್ಲೇ ಹರಟುತ್ತಾ ಕೂತಿದ್ದಾಗ ಒಬ್ಬ ಹೆಂಗಸು ಬಂದರು. ಔಷಧಿ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಿದ್ದವರು. ಹಾಸಿಗೆ ಹಿಡಿದ ತಾಯಿಗಾಗಿ ಕೆಲಸ ಬಿಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲಿದ್ದರು. ಬಲಗಣ್ಣಿನ ಸುತ್ತ, ಕೆನ್ನೆಯವರೆಗೆ, ಚರ್ಮ ಬೆಳ್ಳಗಾಗಿತ್ತು. ಫೋನಿನಲ್ಲಿ ತಮ್ಮ ಫೋಟೋ ತೋರಿಸಿದರು.

"ಈ ಕೋಟು ಯಾರದಮ್ಮ?"

"ಆ್ಯಪ್‌ದು ಸರ್."

"ಮುಖ?"

ಆಕೆ ಫೋನ್ ಮಗುಚಿ ಹಿಡಿದು, "ಅದೂ ಮುಕ್ಕಾಲು ಪಾಲು ಆ್ಯಪ್‌ದೇ" ಎಂದರು.

ಆ ಫೋಟೋ ನೋಡಿ ಒಂದು ಕಂಪನಿಯವರು ವಿಡಿಯೋದಲ್ಲಿ ಸಂದರ್ಶನಕ್ಕೆ ಕರೆದಿದ್ದರಂತೆ. ಮುಖ ಕಂಡೊಡನೆ "ಅರ್ಜಿ ಹಾಕಿದವರು ನೀವೇನಾ?" ಎಂದರಂತೆ. ಆಮೇಲೆ ಯಾವ ಪ್ರಶ್ನೆಯೂ ನೆಟ್ಟಗೆ ಬರಲಿಲ್ಲ. ಸೋಮವಾರ ಇನ್ನೊಂದು ಕಂಪನಿಯ ಸಂದರ್ಶನವಿತ್ತು.

"ತಂಗಿ ಮನೇಲಿ ಇನ್ನೆಷ್ಟು ದಿನ ಇರೋದು ಸರ್? ಈ ಕೆಲಸ ಬೇಕೇ ಬೇಕು. ಮಚ್ಚೆ ಕಾಣಬಾರ್ದು, ಆದ್ರೆ ನಾನೇ ಅಂತ ಗೊತ್ತಾಗ್ಬೇಕು."

ಅವನು ಬುದ್ಧಿ ಹೇಳಲಿಲ್ಲ. ದೀಪವನ್ನು ಅವರ ಎಡಕ್ಕೆ ಎಳೆದು, ಮುಖವನ್ನು ಸ್ವಲ್ಪ ತಿರುಗಿಸಿ, ಮಚ್ಚೆ ನೆರಳಿಗೆ ಹೋಗುವಂತೆ ಒಂದು ತೆಗೆದ. ಆಮೇಲೆ ಕ್ಯಾಮೆರಾ ಕೆಳಗಿಳಿಸಿ, "ಅಲ್ಲಮ್ಮ, ಗೋದಾಮಲ್ಲಿ ಅಷ್ಟೊಂದು ಡಬ್ಬ. ಒಂದು ಕಾಣೆಯಾದ್ರೆ ಹೇಗೆ ಹುಡುಕ್ತೀರಿ?" ಎಂದ.

"ಕಾಣೆಯಾಗಲ್ಲ ಸರ್, ತಪ್ಪು ಕಪಾಟಲ್ಲಿ ಕೂತಿರುತ್ತೆ." ಆಕೆ ನೇರವಾಗಿ ಅವನ ಕಡೆ ತಿರುಗಿದರು. "ಹೆಸರು ಒಂದೇ ಥರ ಇರೋ ಮಾತ್ರೆ ಅಕ್ಕಪಕ್ಕ ಇಟ್ಟುಬಿಡ್ತಾರೆ. ನಾನಿದ್ದಾಗ ಬಿಡ್ತಾನೇ ಇರ್ಲಿಲ್ಲ!"

ಆ ಮಾತು ಮುಗಿಯುವುದರೊಳಗೆ ಅವನು ಕ್ಲಿಕ್ಕಿಸಿಬಿಟ್ಟಿದ್ದ. ಮಚ್ಚೆ ಪೂರ್ತಿ ಬೆಳಕಿನಲ್ಲಿತ್ತು.

"ಎದುರುಗಡೆ ತೋರಿಸ್ಲಾ? ಬೇಡ ಅಂದ್ರೆ ಬೇಡ."

ಆಕೆ ನೆಲ ನೋಡಿದರು. "ಎರಡೂ ತೋರಿಸಿ. ನಾನು ಇಲ್ಲೇ ಕೇಳಿಸ್ಕೋತೀನಿ."

ನಾನೂ ಅವನ ಜೊತೆ ಹೋದೆ. ಮೊದಲನೆಯದನ್ನು ನೋಡಿ ದರ್ಜಿ, "ಇವರು ಯಾಕೆ ಆ ಕಡೆ ತಿರುಗಿದ್ದಾರೆ ಮಾವ? ಯಾರಾದ್ರೂ ಬರ್ತಾರಾ ಅಂತ ನೋಡೋ ಹಾಗಿದೆ. ಕೊಡಲ್ಲ" ಎಂದ. ಎರಡನೆಯದನ್ನು ಹತ್ತಿರ ಹಿಡಿದು, "ಕಣ್ಣ ಹತ್ರ ಬೆಳ್ಳಗಿದೆ" ಎಂದ.

ಬೀದಿ ಕಿರಿದು. ಆಡಿದ ಮಾತು ಸ್ಟುಡಿಯೋದೊಳಗೂ ಕೇಳಿಸುತ್ತದೆ. ನಾನು ತಿರುಗಿ ಅದರ ಬಾಗಿಲ ಕಡೆ ನೋಡಿದೆ.

"ಇದೆ. ಬೀಗದ ಕೈ?" ಎಂದ ನನ್ನ ಗೆಳೆಯ.

ದರ್ಜಿ ತುಟಿಯಲ್ಲಿ ಕಚ್ಚಿದ್ದ ಸೂಜಿ ತೆಗೆದ. "ಅದಕ್ಕೂ ಇದಕ್ಕೂ ಏನು ಸಂಬಂಧ? ಕೊಡ್ತೀನಿ. ಬೀಗ ಹಾಕಿ ಎರಡೆರಡು ಸಲ ಎಳೆದು ನೋಡೋ ಪೈಕಿ ಇವರು."

ಔಷಧಿ ಅಂಗಡಿಯಾಕೆ ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದಳು. "ಅಣ್ಣಾ, ಇದು. ಮನೆದೇನು, ಅಂಗಡಿದೇ ಕೊಡ್ತೀನಿ."

ವಾಪಸ್ ಬಂದಾಗ ಆಕೆ ಸ್ಟೂಲಿನಿಂದ ಎದ್ದು ಬಾಗಿಲಿಗೆ ಬಂದಿದ್ದರು. ಬೀದಿಯವರು ಆರಿಸಿದ್ದೇ ಕೊನೆ ಎನ್ನುತ್ತಿದ್ದ ಮನುಷ್ಯ ಅಂದು ಮೊದಲ ಸಲ ಹಟ ಬಿಟ್ಟ. "ಕೇಳಿಸ್ಕೊಂಡ್ರಲ್ಲ. ಆದ್ರೆ ಮುಖ ನಿಮ್ಮದು, ಸೋಮವಾರ ಕೂರೋರೂ ನೀವು. ಮೊದಲನೇದು ಬೇಕಂದ್ರೆ ಅದನ್ನೇ ಕೊಡ್ತೀನಿ."

"ಎರಡನೇದು" ಎಂದರು ಆಕೆ.

ಅತ್ತಿಗೆ ಅಭ್ಯಾಸಬಲದಿಂದ, "ಹಣೆ ಮೇಲಿನ ಗೆರೆ ಒಂಚೂರು ತೆಗೀಲಾ?" ಎಂದು ಕೇಳಿದರು.

"ಬೇಡ ಅಕ್ಕ. ಆಮೇಲೆ ಅವರೂ 'ನೀವೇನಾ' ಅಂದಾರು."

ಸೋಮವಾರ ಸಂಜೆ ಆಕೆ ಬಂದಾಗ ನಾನೂ ಅಲ್ಲೇ ಇದ್ದೆ. ಅವನು ದೀಪದ ಬೆಳಕು ಹರಡಲು ಹಿಡಿಸುವ ಬಿಳಿ ಕೊಡೆ ಮಡಚುತ್ತಿದ್ದ. ಕೇಳಲು ಧೈರ್ಯವಾಗದೆ ಮಡಚುತ್ತಲೇ ಇದ್ದ. ಆಕೆಯೇ ಶುರುಮಾಡಿದರು.

"ಕ್ಯಾಮೆರಾ ಆನ್ ಆದ ತಕ್ಷಣ, ತೇವ ತಾಗಿದ ಸರಕು ಬಂದ್ರೆ ಏನು ಮಾಡ್ತೀರಿ ಅಂದ್ರು ಸರ್. ಅಲ್ಲಿಂದ ಬರೀ ಗೋದಾಮಿನ ಮಾತೇ. ಮುಂದಿನ ತಿಂಗಳಿಂದ ಬನ್ನಿ ಅಂದ್ರು."

"ಮುಖದ ಬಗ್ಗೆ? ಫೋಟೋ ಬಗ್ಗೆ?"

"ಏನೂ ಅನ್ಲಿಲ್ಲ."

ತನ್ನ ಫೋಟೋವನ್ನು ಯಾರಾದರೂ ಹೊಗಳಿದರೆ ಅದನ್ನೇ ವಾರಗಟ್ಟಲೆ ಹೇಳಿಕೊಂಡು ತಿರುಗುವವನು ಅವನು. ಅಂದು ಕೊಡೆಯನ್ನು ಬದಿಗೆಸೆದು ನನ್ನ ಬೆನ್ನಿಗೊಂದು ಗುದ್ದಿದ.

"ಕೇಳಿದ್ಯೇನೋ? ಏನೂ ಅನ್ಲಿಲ್ವಂತೆ!"