ಹೆಸರು ಓದಿಸದ ದುಡ್ಡು

ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಓದಿಸುತ್ತಾರೆ. ಮೈಕಿನ ಮುಂದೆ ಕೂತವನು ಇಂಥ ಊರಿನ ಇಂಥವರು ಇಷ್ಟು ಕೊಟ್ಟರು ಎಂದು ಇಡೀ ಛತ್ರಕ್ಕೆ ಕೇಳುವಂತೆ ಕೂಗುತ್ತಾನೆ. ಅದಕ್ಕೆ ನನ್ನ ತಕರಾರಿಲ್ಲ, ಮುಯ್ಯಿ ಇರುವುದೇ ಓದಿಸುವುದಕ್ಕೆ. ಆದರೆ ನಾನು ಕೊಡುವ ಪ್ರತಿಯೊಂದು ಕಾಸನ್ನೂ ಓದಿಸುವ ಕಾಲ ಬಂದಿದೆಯಲ್ಲ, ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಮಧುಗಿರಿಯಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಂಡರೆ, ದುಡ್ಡು ಬಂತು ಎಂದು ಗಲ್ಲಾದ ಮೇಲಿನ ಸ್ಪೀಕರ್ ಡಬ್ಬ ಬೀದಿಗೆಲ್ಲ ಸಾರುತ್ತದೆ. ಬ್ಯಾಂಕಿನ ಮೆಸೇಜಿನದು ಇನ್ನೊಂದು ಕಥೆ. ಅದು ಯಾರ ಫೋನಿಗೆ ಹೋಗುತ್ತದೋ ಅವರು ಓದಿಸಿದ್ದೇ ಓದಿಸಿದ್ದು.

ನನ್ನ ಮೆಸೇಜು ಹೋಗುತ್ತಿದ್ದದ್ದು ಅಣ್ಣನ ಫೋನಿಗೆ. ಖಾತೆ ತೆಗೆದಾಗ ನನ್ನ ಹತ್ತಿರ ಫೋನಿರಲಿಲ್ಲ, ಅವನ ನಂಬರ್ ಕೊಟ್ಟಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳ ಖಾತೆಗೆಲ್ಲ ಅಪ್ಪನದೋ ಅಣ್ಣನದೋ ಗಂಡನದೋ ನಂಬರ್. ಆಮೇಲೆ ಕೆಲಸ ಸಿಕ್ಕಿತು, ಕೊರಟಗೆರೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದೆ, ಕೈಗೆ ಫೋನೂ ಬಂತು. ನಂಬರ್ ಬದಲಾಯಿಸುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹೋದ ವರ್ಷ ಬೋರ್ಡಿನ ಮುಂದೆ ನಿಂತರೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಕೈ ನಡುಗಿ ಸೀಮೆಸುಣ್ಣ ಜಾರುತ್ತಿತ್ತು. ಹೃದಯಕ್ಕೇನೂ ಆಗಿಲ್ಲ, ಮನಸ್ಸಿನ ಡಾಕ್ಟರ ಹತ್ತಿರ ಮಾತಾಡಿ ಎಂದರು ತುಮಕೂರಿನ ಡಾಕ್ಟರು. ಊರಿನಲ್ಲಿ ಅಂಥ ಕಡೆ ಹೋಗುವುದನ್ನು ಯಾರಾದರೂ ನೋಡಿದರೆ ಮುಗಿಯಿತು, ಮರುದಿನವೇ ಹುಚ್ಚಿ. ಹಾಗಾಗಿ ಆನ್‌ಲೈನಿನಲ್ಲಿ ಒಬ್ಬ ಸಮಾಲೋಚಕಿಯನ್ನು ಹುಡುಕಿಕೊಂಡೆ. ವಾರಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ಅವರ ಜೊತೆ ಮಾತಾಡುತ್ತಿದ್ದೆ. ಅವರದು ಹೊರದೇಶದ ಜಾಲತಾಣ, ಓಟಿಪಿ ಕೇಳದೆಯೇ ನನ್ನ ಕಾರ್ಡಿನಿಂದ ಫೀಸು ಹಿಡಿದುಕೊಳ್ಳುತ್ತಿತ್ತು. ನಿಧಾನಕ್ಕೆ ಕೈ ನಡುಕ ಕಡಿಮೆಯಾಯಿತು. ಆ ಮಾತುಕತೆ ನಿಂತುಹೋದರೆ ನಾನು ಪಾಠ ಮಾಡುವುದೂ ನಿಲ್ಲುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಯುಗಾದಿಗೆ ಅಮ್ಮನೂ ನಾನೂ ಶಿರಾದ ಅಣ್ಣನ ಮನೆಗೆ ಹೋಗಿದ್ದೆವು. ಒಬ್ಬಟ್ಟಿನ ಎಲೆ ಮುಂದೆ ಎಲ್ಲರೂ ಕೂತಿದ್ದಾಗ ಅಣ್ಣ ಫೋನ್ ತೆಗೆದ.

“ಲೇ, ಇದೇನ್ಲೇ, ಮೆಂಟಲ್ ಹೆಲ್ತ್ ಅಂತ ಬಂದೈತೆ? ಯಾರಿಗೆ ಕಟ್ತಿದೀಯ ದುಡ್ಡು? ನಿಂಗೇನಾಗೈತೆ?”

ಚಿಕ್ಕಪ್ಪ, ಸೋದರತ್ತೆ, ಅವರ ಸೊಸೆಯರು ಎಲ್ಲರೂ ತಿನ್ನುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಅಮ್ಮ ತಲೆ ತಗ್ಗಿಸಿದಳು. ಬಡಿಸುತ್ತಿದ್ದ ಅತ್ತಿಗೆ ಮಾತ್ರ ಏನೂ ಕೇಳದವಳಂತೆ ನನ್ನ ಎಲೆಗೆ ತುಪ್ಪ ಹಾಕಿ ಮುಂದೆ ಹೋದಳು. ನನಗೆ ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ದುಡಿದವಳು ನಾನು, ಕೊಟ್ಟವಳು ನಾನು, ನಡುಗಿದ್ದು ನನ್ನ ಕೈ. ಓದಿಸುವವನು ಇವನು!

ಮರುವಾರವೇ ಬ್ಯಾಂಕಿಗೆ ಹೋಗಿ ನಂಬರ್ ಬದಲಾಯಿಸಿದೆ. ಪಾಸ್‌ಬುಕ್ ಮುದ್ರಿಸಿಕೊಟ್ಟವರು ನಮ್ಮ ದೂರದ ನೆಂಟರೇ. ಪುಟದ ಮೇಲೆ ಕಣ್ಣಾಡಿಸಿ, “ಈಗ ಆರೋಗ್ಯ ಹೆಂಗೈತಮ್ಮ?” ಎಂದರು. ಧ್ವನಿಯಲ್ಲಿ ಕರುಣೆ ತುಳುಕುತ್ತಿತ್ತು. ಆ ಕರುಣೆಗೆ ಬೆಂಕಿ ಬೀಳ.

ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಪಾವಗಡದವರು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಯಾರು ಯಾರಿಗೆ ಕೊಟ್ಟರೆಂದು ಹೊರಗೆ ಕಾಣಿಸದ ಒಂದು ಬಗೆಯ ಕ್ರಿಪ್ಟೊ ನಾಣ್ಯವಿದೆ ಎಂದು ಅವರು ಹಿಂದೆ ಯಾವಾಗಲೋ ಹೇಳಿದ್ದರು. ಹುಂಡಿಗೆ ಹಾಕಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ನೋಡಿದರೆ ನನ್ನ ಸಮಾಲೋಚಕಿಯ ಜಾಲತಾಣದ ತಳದಲ್ಲಿ ಅದರಲ್ಲೂ ಕಟ್ಟಬಹುದು ಎಂದಿತ್ತು. ಸರಿ, ಕೊಳ್ಳೋಣ ಎಂದು ಒಂದು ಆ್ಯಪ್ ಹಾಕಿಕೊಂಡೆ. ಆಧಾರ್ ಕೇಳಿತು, ಪ್ಯಾನ್ ಕೇಳಿತು. ಮುಖ ತೋರಿಸು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಕಣ್ಣು ಮಿಟುಕಿಸು ಎಂದಿತು. ನನ್ನನ್ನು ಹೆಣ್ಣು ನೋಡಲು ಬಂದವರೂ ಇಷ್ಟು ಕುಣಿಸಿರಲಿಲ್ಲ. ಎಲ್ಲ ಮುಗಿದ ಮೇಲೆ, ಆ ನಾಣ್ಯ ಮಾತ್ರ ನಮ್ಮಲ್ಲಿ ಸಿಗುವುದಿಲ್ಲ ಎಂದಿತು! ಫೋನನ್ನು ಹಾಸಿಗೆ ಮೇಲೆ ಎಸೆದೆ.

ಕೊನೆಗೆ ಮೇಷ್ಟ್ರನ್ನೇ ಕೇಳಿದೆ. ಅವರ ಹತ್ತಿರ ಸ್ವಲ್ಪ ಇತ್ತು. ನಾನು ನೋಟು ಕೊಟ್ಟರೆ ಅವರು ಕಳಿಸುವುದು ಎಂದಾಯಿತು. ಯಾತಕ್ಕೆ ಎಂದು ಹೇಳಲು ನಾನು ತಡವರಿಸಿದಾಗ, “ಪರ್ವಾಲೇದು ಮೇಡಂ, ಅದು ನಂಗ್ಯಾಕೆ? ನೀವು ಬುಡಿ” ಎಂದರು. ಯಾತಕ್ಕೆ ಎಂದು ಕೇಳದ ಮೊದಲ ಮನುಷ್ಯ. ಸ್ಟಾಫ್ ರೂಮಿನಲ್ಲೇ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ‘ಪಾವತಿಯಾಗಿದೆ’ ಎಂದು ಬಂತು. ನನ್ನ ಹೆಸರು ಎಲ್ಲೂ ಇರಲಿಲ್ಲ.

ಮೊನ್ನೆ ಶಿರಾದ ಛತ್ರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಅತ್ತೆ ನನ್ನ ತಲೆ ಸವರಿ, “ಈಗ ಹೆಂಗಿದೀಯೆ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, “ಎಲ್ಲಾ ನಿಲ್ಸ್‌ಬುಟ್ಟವ್ಳೆ ಕಣತ್ತೆ. ಮೆಸೇಜೇ ಬರ್ತಿಲ್ಲ” ಎಂದ. ನನ್ನನ್ನು ತಾನೇ ವಾಸಿ ಮಾಡಿದವನ ಹಾಗೆ ಹೇಳಿದ.

“ನಿಲ್ಸಿಲ್ಲ ಕಣಣ್ಣ,” ಎಂದೆ, ಪಕ್ಕದ ಸಾಲಿಗೂ ಕೇಳುವಂತೆ. “ನೀನು ಓದ್ಸೋಕೆ ಸಿಗದಂಗೆ ಕಟ್ತಾ ಇದೀನಿ.”

ಅಣ್ಣ ಕೆಂಪಗಾದ. ನಾನು ಎದ್ದು ಕೈ ತೊಳೆಯಲು ಹೋದೆ. ಸಿಟ್ಟಿಗೆ ಕೈ ನಡುಗುತ್ತಿತ್ತು, ಆದರೆ ಅದು ಬೇರೆ ನಡುಕ. ಹಿಂದೆಯೇ ಅತ್ತಿಗೆ ಬಂದಳು. ಗಂಡನಿಗೆ ಹಾಗಂದೆನೆಂದು ಬೈಯಲು ಬಂದಳೆಂದುಕೊಂಡೆ. ಅವಳು ಪಕ್ಕದ ನಲ್ಲಿ ತಿರುಗಿಸಿದಳು. ನೀರಿನ ಸದ್ದು ಜೋರಾದ ಮೇಲೆ, ನನ್ನ ಕಡೆ ನೋಡದೆಯೇ ಕೇಳಿದಳು.

“ಆ ಓದ್ಸಕ್ಕಾಗ್ದಿರೋ ದುಡ್ಡು... ಹೆಂಗೆ ಕಟ್ಟೋದು ಅಂತ ನಂಗೂ ಹೇಳ್ಕೊಡ್ತೀಯೇನಮ್ಮ? ನಂಗೂ ಒಬ್ರ ಹತ್ರ ಮಾತಾಡ್ಬೇಕು.”

ಅವಳ ಖಾತೆಗೂ ಇರುವುದು ಅಣ್ಣನ ನಂಬರೇ.